ಡೇಟಾ ಕ್ಯೂಬ್‌ನಲ್ಲಿ ದಿನಾಂಕ ಹಾಕಿದರೆ ಉತ್ತರ ಖಾಲಿ: ಅಪಾಚೆ ಡ್ರೂಯಿಡ್‌ನಲ್ಲಿ ದೋಷ ಹುಡುಕುವ ದಾರಿ

ಡೇಟಾಬೇಸ್‌ಗೆ ಒಂದು ಪ್ರಶ್ನೆ, ಅಂದರೆ ಕ್ವೆರಿ, ಓಡಿಸಿದಿರಿ. ಎರರ್ ಬರಲಿಲ್ಲ, ಟೈಮ್‌ಔಟ್ ಆಗಲಿಲ್ಲ. ಉತ್ತರ ಮಾತ್ರ ಖಾಲಿ. ಸಮಯದ ಫಿಲ್ಟರ್ ತೆಗೆದರೆ ಲಕ್ಷಗಟ್ಟಲೆ ಸಾಲು ಇವೆ ಅನ್ನುತ್ತದೆ, ಹಾಕಿದರೆ ಒಂದೂ ಇಲ್ಲ. ಅನಾಲಿಟಿಕ್ಸ್ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನುವ ದೋಷಗಳಲ್ಲಿ ಇದೂ ಒಂದು. ಎರರ್ ಬಂದಿದ್ದರೆ ಅದರಲ್ಲಿ ಒಂದು ಸುಳಿವಾದರೂ ಇರುತ್ತಿತ್ತು. ಇನ್ನೂ ದೊಡ್ಡ ಅಪಾಯ ಎಂದರೆ, ನೋಡಿದವರು ಅದನ್ನೇ ನಿಜ ಎಂದು ನಂಬಿಬಿಡಬಹುದು. "ನಿನ್ನೆ ಬೆಳಿಗ್ಗೆ ಒಂದೂ ಬಿಲ್ ಆಗಿಲ್ಲ" ಎಂದು ವರದಿ ಹೋಗಿಬಿಡುತ್ತದೆ. ಅಂಗಡಿಯಲ್ಲಿ ಆಗ ಜನ ತುಂಬಿರುತ್ತಾರೆ.

ಇಲ್ಲಿ ಅಪಾಚೆ ಡ್ರೂಯಿಡ್ ಹಿಡಿದು ಬರೆಯುತ್ತಿದ್ದೇನೆ. ಮೆಟಾಮಾರ್ಕೆಟ್ಸ್ ಎಂಬ ಕಂಪನಿಯಲ್ಲಿ 2011ರಲ್ಲಿ ಶುರುವಾಗಿ 2012ರಲ್ಲಿ ಓಪನ್ ಸೋರ್ಸ್ ಆದ ಡೇಟಾಬೇಸ್ ಇದು. ಇದರಲ್ಲಿ ಎಲ್ಲವೂ ಸಮಯದ ಸುತ್ತಲೇ ಕಟ್ಟಿದ್ದು. ಡೇಟಾ ಒಳಗೆ ಬರುವಾಗಲೇ ಅದನ್ನು ಕೂಡಿಸಿ, ಗುಂಪು ಮಾಡಿ ಇಡಬಲ್ಲದು. ಡ್ರೂಯಿಡ್‌ನ ಡೇಟಾ ತೋರಿಸುವ ಟರ್ನಿಲೋ ತರಹದ ಪರದೆಯಲ್ಲಿ ಅದರ ಒಂದು ಡೇಟಾಸೋರ್ಸ್‌ಗೆ (ಅಂದರೆ ಟೇಬಲ್‌ಗೆ) ಡೇಟಾ ಕ್ಯೂಬ್ ಎಂದೇ ಹೆಸರು.

ನನ್ನ ಮಾತು ಇಷ್ಟೇ. ಖಾಲಿ ಉತ್ತರ ಬಂದಾಗ ಡ್ರೂಯಿಡ್ ಸಾಮಾನ್ಯವಾಗಿ ಕೇಳಿದ್ದಕ್ಕೆ ಸರಿಯಾಗೇ ಉತ್ತರಿಸಿರುತ್ತದೆ. ನಿಮ್ಮ ಗಡಿಯಾರ ಒಂದು ಹೇಳುತ್ತಿರುತ್ತದೆ, ಅದರ ಗಡಿಯಾರ ಇನ್ನೊಂದು. ಹಾಗಾಗಿ ಕ್ವೆರಿಯನ್ನು ಸುಮ್ನೆ ತಿದ್ದುತ್ತಾ ಕೂರಬೇಡಿ. ಅದರ ಹತ್ತಿರ ಏನಿದೆ, ಯಾವ ಹೊತ್ತಿನ ಹೆಸರಲ್ಲಿ ಇದೆ ಎಂದು ಮೊದಲು ಅದನ್ನೇ ಕೇಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಅಂಗಡಿಗಳಿವೆ. ಅವುಗಳ ಬಿಲ್‌ಗಳೆಲ್ಲ 'ಬಿಲ್ಲಿಂಗ್' ಎಂಬ ಡೇಟಾಸೋರ್ಸ್‌ಗೆ ಬರುತ್ತವೆ. ನಮಗೆ ಬೇಕಾದದ್ದು 2024ರ ಮಾರ್ಚ್ 15ರ ಲೆಕ್ಕ.

ಎಂಥ ಖಾಲಿ?

ಸಾಲೇ ಬಂದಿಲ್ಲವೋ, ಸೊನ್ನೆ ಬಂದಿದೆಯೋ ಮೊದಲು ನೋಡಿ. ಗ್ರೂಪ್ ಬೈ (ಗುಂಪು ಮಾಡುವ ಆದೇಶ) ಇಲ್ಲದ ಕೌಂಟ್ (ಎಣಿಸುವ) ಕ್ವೆರಿ ಏನೂ ಸಿಗದಿದ್ದರೂ ಸೊನ್ನೆ ಇರುವ ಒಂದು ಸಾಲು ಕೊಡುತ್ತದೆ. ಗ್ರೂಪ್ ಬೈ ಹಾಕಿದರೆ ಅದೂ ಇಲ್ಲ. ಎಸ್‌ಕ್ಯುಎಲ್ ಎಂಬ ಸಾಮಾನ್ಯ ಕ್ವೆರಿ ಭಾಷೆಯಲ್ಲದೆ ಡ್ರೂಯಿಡ್‌ಗೆ ತನ್ನದೇ ನೇಟಿವ್ ಕ್ವೆರಿಗಳೂ ಇವೆ. ಅವುಗಳಲ್ಲಿ ಟೈಮ್‌ಸೀರೀಸ್ ಕ್ವೆರಿಯ ನಡೆ ಸ್ವಲ್ಪ ಬೇರೆ. ಎರಡು ಕಡೆಯೂ ಡೇಟಾ ಇದ್ದು ನಡುವೆ ಒಂದು ಗಂಟೆ ಖಾಲಿ ಇದ್ದರೆ, ಆ ಗಂಟೆಗೂ ಒಂದು ಸಾಲು ತುಂಬಿ ಕೊಡುತ್ತದೆ. ಡೇಟಾ ಇರುವ ಅವಧಿಯಿಂದ ಪೂರ್ತಿ ಹೊರಗೆ ಬಿದ್ದ ಹೊತ್ತಿಗೆ ಹೀಗೆ ತುಂಬುವುದಿಲ್ಲ. 'ಸ್ಕಿಪ್ ಎಂಪ್ಟಿ ಬಕೆಟ್ಸ್' ಆನ್ ಇದ್ದರೆ ನಡುವಿನದನ್ನೂ ಬಿಟ್ಟುಬಿಡುತ್ತದೆ. ಆದ್ದರಿಂದ ಆ ಸೆಟ್ಟಿಂಗ್ ಆಫ್ ಮಾಡಿ ಒಮ್ಮೆ ಓಡಿಸಿ ನೋಡುವುದು ಒಳ್ಳೆಯ ಶುರು. ಸೊನ್ನೆಗಳ ಸಾಲು ಬಂದರೆ ಹಿಂದೆ ಮುಂದೆ ಡೇಟಾ ಇದೆ ಎಂದಾಯಿತು. ಏನೂ ಬರದಿದ್ದರೆ ನೀವು ಕೇಳಿದ ಹೊತ್ತೇ ಕ್ಯೂಬ್‌ನ ಆಚೆ ಇದೆ ಎಂಬ ಅನುಮಾನ ಗಟ್ಟಿ.

ಕ್ಯೂಬ್‌ನ ಮೊದಲ ಹೊತ್ತು, ಕೊನೆಯ ಹೊತ್ತು

ಎಲ್ಲ ಫಿಲ್ಟರ್ ತೆಗೆದುಬಿಡಿ. ಪ್ರತಿ ಸಾಲಿನ ಸಮಯ, ಅಂದರೆ ಟೈಮ್‌ಸ್ಟಾಂಪ್, __ಟೈಮ್ ಎಂಬ ಕಾಲಂನಲ್ಲಿ ಇರುತ್ತದೆ. ಇದನ್ನಷ್ಟೇ ಕೇಳಿ: ಸೆಲೆಕ್ಟ್ ಮಿನ್(__ಟೈಮ್), ಮ್ಯಾಕ್ಸ್(__ಟೈಮ್), ಕೌಂಟ್(*) ಫ್ರಮ್ ಬಿಲ್ಲಿಂಗ್. ಡೇಟಾ ತುಂಬಾ ದೊಡ್ಡದಿದ್ದರೆ ನೇಟಿವ್ ಕ್ವೆರಿಗಳಲ್ಲಿ 'ಟೈಮ್ ಬೌಂಡರಿ' ಎಂಬುದಿದೆ. ಮೊದಲ ಮತ್ತು ಕೊನೆಯ ಟೈಮ್‌ಸ್ಟಾಂಪ್ ಹೇಳುವುದಷ್ಟೇ ಅದರ ಕೆಲಸ.

ಬರುವ ಎರಡು ದಿನಾಂಕಗಳನ್ನು ನಿಧಾನವಾಗಿ ಓದಿ. ಅರ್ಧ ಪ್ರಕರಣಗಳು ಇಲ್ಲೇ ಬಯಲಾಗುತ್ತವೆ ಅನ್ನುವುದು ನನ್ನ ಅನುಭವ.

ಎಲ್ಲ ಡೇಟಾ 1970ರ ಜನವರಿಯಲ್ಲಿ ಕೂತಿದ್ದರೆ, ಸೆಕೆಂಡುಗಳಲ್ಲಿ ಬಂದ ಸಮಯವನ್ನು ಮಿಲಿಸೆಕೆಂಡು ಎಂದು ಓದಲಾಗಿದೆ. ಡ್ರೂಯಿಡ್ ಒಳಗೆ ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳಾಗಿ ಇಡುತ್ತದೆ. 2024ರ ಮಾರ್ಚ್ 15ರ ಯುಟಿಸಿ (ಜಗತ್ತಿನ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಮಧ್ಯರಾತ್ರಿ ಸೆಕೆಂಡುಗಳಲ್ಲಿ 1710460800. ಇದನ್ನೇ ಮಿಲಿಸೆಕೆಂಡು ಎಂದುಕೊಂಡರೆ 1970ರ ಜನವರಿ 20ರ ಸಂಜೆ 7 ಗಂಟೆ 7 ನಿಮಿಷಕ್ಕೆ ಹೋಗಿ ಬೀಳುತ್ತದೆ. ಇಂಜೆಷನ್ ಸ್ಪೆಕ್‌ನ (ಡೇಟಾವನ್ನು ಹೇಗೆ ಒಳಗೆ ತರಬೇಕು ಎಂದು ಬರೆದಿಡುವ ವಿವರಣೆಯ) ಟೈಮ್‌ಸ್ಟಾಂಪ್ ಸ್ಪೆಕ್‌ನಲ್ಲಿ ಫಾರ್ಮ್ಯಾಟ್ 'ಆಟೋ' ಎಂದಿದ್ದರೆ ಅದು ಐಎಸ್‌ಒ ಬರಹವನ್ನೋ (2024-03-15 ತರಹದ್ದು) ಮಿಲಿಸೆಕೆಂಡನ್ನೋ ಹಿಡಿಯುತ್ತದೆ. ಸೆಕೆಂಡುಗಳಿಗೆ 'ಪೋಸಿಕ್ಸ್' ಎಂದು ನೀವೇ ಹೇಳಬೇಕು. ಉಲ್ಟಾ ಆಗಿ, ಮಿಲಿಸೆಕೆಂಡುಗಳು ಬರುತ್ತಿರುವಾಗ 'ಪೋಸಿಕ್ಸ್' ಎಂದು ಹಾಕಿದ್ದರೆ ಡೇಟಾ 56 ಸಾವಿರದ ಚಿಲ್ಲರೆ ಇಸವಿಗೆ ಹಾರುತ್ತದೆ.

ಇದೇ ಗೊಂದಲ ಕ್ವೆರಿಯ ಕಡೆಯೂ ಆಗುತ್ತದೆ. 'ಮಿಲಿಸ್ ಟು ಟೈಮ್‌ಸ್ಟಾಂಪ್' ಫಂಕ್ಷನ್‌ಗೆ ಸೆಕೆಂಡು ಕೊಟ್ಟರೆ ನೀವು ಕೇಳುತ್ತಿರುವುದು 1970ರ ಲೆಕ್ಕ. ಡೇಟಾ ಸರಿಯಾದ ಜಾಗದಲ್ಲೇ ಇದ್ದರೂ ಉತ್ತರ ಖಾಲಿ.

ಮಿನ್, ಮ್ಯಾಕ್ಸ್ ಎರಡೂ ಸರಿ ಕಂಡರೂ ತಿಂಗಳುವಾರು ಎಣಿಕೆ ಒಮ್ಮೆ ತೆಗೆಯಿರಿ. ಎಲ್ಲ ವರ್ಷಗಳ ಡೇಟಾ ಜನವರಿಯಲ್ಲೇ ಗುಡ್ಡೆ ಬಿದ್ದಿದೆಯೇ? ಹಾಗಾದರೆ ಫಾರ್ಮ್ಯಾಟ್ ಬರೆಯುವಾಗ ತಿಂಗಳಿಗೆ ದೊಡ್ಡ ಎಂಎಂ (MM) ಬದಲು ಸಣ್ಣ ಎಂಎಂ (mm) ಬಿದ್ದಿದೆ. ದಿನಾಂಕ ಓದಲು ಡ್ರೂಯಿಡ್ ಬಳಸುವ ಜೋಡಾ ಎಂಬ ಪದ್ಧತಿಯಲ್ಲಿ ಸಣ್ಣ ಎಂಎಂ ಎಂದರೆ ನಿಮಿಷ. ಮಾರ್ಚ್ 15 ಹೋಗಿ ಜನವರಿ 15, ಮೂರನೇ ನಿಮಿಷ ಆಗುತ್ತದೆ. ಗಂಟೆಗೆ ದೊಡ್ಡ ಎಚ್‌ಎಚ್ ಎಂದರೆ 24 ಗಂಟೆಯ ಲೆಕ್ಕ, ಸಣ್ಣದು 12 ಗಂಟೆಯದು. ಅದನ್ನೂ ಇದರ ಜೊತೆಗೇ ನೋಡಿಬಿಡಿ.

ನಮ್ಮಲ್ಲಿ ದಿನಾಂಕ ಬರೆಯುವ ರೀತಿಯಿಂದ ಬರುವ ದೋಷ ಇನ್ನೊಂದಿದೆ. ಬಿಲ್ಲಿಂಗ್ ಮೆಷಿನ್ 05/03/2024 ಎಂದು ಬರೆದರೆ ನಮಗೆ ಮಾರ್ಚ್ 5. ಅಮೆರಿಕದ ಕ್ರಮದ ಫಾರ್ಮ್ಯಾಟ್ ಹಾಕಿದ್ದರೆ ಅದು ಮೇ 3. ಪ್ರತಿ ತಿಂಗಳ ಮೊದಲ 12 ದಿನಗಳ ಡೇಟಾ ಹನ್ನೆರಡು ತಿಂಗಳುಗಳಿಗೆ ಹಂಚಿಹೋಗುತ್ತದೆ. 13ರಿಂದ ಮುಂದಿನ ದಿನಗಳ ಸಾಲು ಓದಲಾಗದೆ ಬಿದ್ದೇ ಹೋಗುತ್ತವೆ, ಏಕೆಂದರೆ 13ನೇ ತಿಂಗಳು ಇಲ್ಲವಲ್ಲ. ಮಾರ್ಚ್ 15 ಕೇಳಿದರೆ ಖಾಲಿ. ಯಾವ ತಿಂಗಳು ತೆಗೆದರೂ 3, 4, 5 ಹೀಗೆ 12ರೊಳಗಿನ ತಾರೀಖುಗಳು ಮಾತ್ರ ತುಂಬಿದ್ದು ಉಳಿದವು ಬೋಳಾಗಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ.

ಐದೂವರೆ ಗಂಟೆಯ ಅಂತರ

ಈಗ ಮಿನ್ ಮತ್ತು ಮ್ಯಾಕ್ಸ್ ನಡುವೆಯೇ ನಿಮ್ಮ ಅವಧಿ ಇದೆ, ಆದರೂ ಖಾಲಿ ಅಂದುಕೊಳ್ಳಿ. ಭಾರತದಲ್ಲಿ ಕೆಲಸ ಮಾಡುವವರು ಮೊದಲು ನೋಡಬೇಕಾದದ್ದು ಟೈಮ್‌ಝೋನ್. ಡ್ರೂಯಿಡ್ ಸಮಯವನ್ನು ಯುಟಿಸಿಯಲ್ಲೇ ಇಡುತ್ತದೆ. ಎಸ್‌ಕ್ಯುಎಲ್ ಕ್ವೆರಿಯಲ್ಲಿ ನೀವು ಬರೆದ ಟೈಮ್‌ಸ್ಟಾಂಪ್ ಅನ್ನೂ, ಬೇರೆ ಹೇಳದಿದ್ದರೆ, ಯುಟಿಸಿ ಎಂದೇ ಓದುತ್ತದೆ. ಭಾರತದ ಮಾರ್ಚ್ 15 ಎಂದರೆ ಯುಟಿಸಿಯಲ್ಲಿ ಮಾರ್ಚ್ 14ರ 18:30ರಿಂದ ಮಾರ್ಚ್ 15ರ 18:30ರವರೆಗೆ.

ಇದನ್ನು ಮರೆತರೆ ಇಡೀ ದಿನದ ಕ್ವೆರಿಯಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಳುವ ಅವಧಿ ಚಿಕ್ಕದಾದ ಹಾಗೆ ಪೂರ್ತಿ ಖಾಲಿ ಬರುವ ಸಂಭವ ಜಾಸ್ತಿ. ರಾತ್ರಿ 8ರಿಂದ 9ರವರೆಗಿನ ವ್ಯಾಪಾರ ಬೇಕು ಎಂದು 20:00ರಿಂದ 21:00 ಹಾಕಿದಿರಿ. ಡ್ರೂಯಿಡ್ ಹುಡುಕಿದ್ದು ಭಾರತದ ನಡುರಾತ್ರಿ ಒಂದೂವರೆಯಿಂದ ಎರಡೂವರೆ. ಆಗ ಎಲ್ಲ ಅಂಗಡಿಗಳ ಶಟರ್ ಎಳೆದಿರುತ್ತದೆ.

ಸರಿಪಡಿಸಲು ಕ್ವೆರಿಯ ಜೊತೆ ಕಳಿಸುವ ಸೆಟ್ಟಿಂಗ್‌ಗಳಲ್ಲಿ, ಅಂದರೆ ಕಾಂಟೆಕ್ಸ್ಟ್‌ನಲ್ಲಿ, 'ಎಸ್‌ಕ್ಯುಎಲ್ ಟೈಮ್‌ಝೋನ್' ಎಂಬಲ್ಲಿ ಏಷ್ಯಾ/ಕೋಲ್ಕತಾ ಎಂದು ಕೊಡಿ. ದಿನವಾರು ಗುಂಪು ಮಾಡುವಾಗ 'ಟೈಮ್ ಫ್ಲೋರ್' ಫಂಕ್ಷನ್‌ಗೂ ಅದೇ ಹೆಸರನ್ನು ಕೊಡಬಹುದು. ಐಎಸ್‌ಟಿ ಎಂಬ ಮೂರಕ್ಷರ ಬೇಡ. ಇಸ್ರೇಲಿನವರೂ ಐರ್ಲೆಂಡಿನವರೂ ಅದೇ ಮೂರಕ್ಷರ ಬಳಸುತ್ತಾರೆ. ಟೈಮ್‌ಸ್ಟಾಂಪ್‌ನ ಕೊನೆಗೆ +05:30 ಸೇರಿಸಿ ಅದನ್ನು ಯುಆರ್‌ಎಲ್‌ನಲ್ಲಿ ಕಳಿಸುವವರು ಇನ್ನೊಂದು ಗಮನಿಸಿ: ಯುಆರ್‌ಎಲ್‌ನ ಕ್ವೆರಿ ಭಾಗದಲ್ಲಿ ಕೂಡಿಸುವ ಚಿಹ್ನೆಯನ್ನು ಬಹಳಷ್ಟು ಸರ್ವರ್‌ಗಳು ಖಾಲಿ ಜಾಗ ಎಂದು ಓದುತ್ತವೆ. ಅದನ್ನು ಎನ್‌ಕೋಡ್ ಮಾಡಿಯೇ ಕಳಿಸಬೇಕು.

ಇದರ ಉಲ್ಟಾ ರೂಪ ಇನ್ನೂ ಕಷ್ಟ. ಬಿಲ್ಲಿಂಗ್ ಮೆಷಿನ್ "2024-03-15 10:00:00" ಎಂದು ಭಾರತದ ಸಮಯ ಬರೆದಿದೆ, ಟೈಮ್‌ಝೋನ್ ಬರೆದಿಲ್ಲ. ಡ್ರೂಯಿಡ್ ಅದನ್ನು ಯುಟಿಸಿ 10:00 ಎಂದು ಇಟ್ಟುಕೊಂಡಿತು. ಅಂದರೆ ಬೆಳಗಿನ ಬಿಲ್ ಮಧ್ಯಾಹ್ನ ಮೂರೂವರೆಯ ಹೆಸರಲ್ಲಿ ಕೂತಿದೆ. ಈಗ ಡ್ಯಾಶ್‌ಬೋರ್ಡ್‌ನಲ್ಲಿ 'ಕಳೆದ ಒಂದು ಗಂಟೆ' ಎಂಬ ಚಾರ್ಟ್ ಇದೆ ಎಂದುಕೊಳ್ಳಿ. ಬೆಳಿಗ್ಗೆ 10:30ಕ್ಕೆ ಅದನ್ನು ನೋಡಿದರೆ ಯುಟಿಸಿ 04:00ರಿಂದ 05:00ರ ಸಾಲುಗಳನ್ನು ಹುಡುಕುತ್ತದೆ. ಆ ಹೆಸರಲ್ಲಿ ಇರುವುದು ಬೆಳಗಿನ ಜಾವ 4ರಿಂದ 5ರ ಬಿಲ್‌ಗಳು. ಅಂಥವು ಯಾವುದೂ ಇಲ್ಲ. ಅಂಗಡಿ ಒಂಬತ್ತೂವರೆಗೆ ತೆರೆದರೆ ಈ ಚಾರ್ಟ್‌ಗೆ ಜೀವ ಬರುವುದು ಮಧ್ಯಾಹ್ನ ಮೂರರ ನಂತರ.

ಬೆಳಿಗ್ಗೆ ಖಾಲಿ, ಮಧ್ಯಾಹ್ನ ತಂತಾನೇ ಸರಿ. ಈ ಲಕ್ಷಣ ಕಂಡರೆ ನೆಟ್‌ವರ್ಕ್, ಸರ್ವರ್ ಲೋಡ್ ಎಂದು ಅಲೆಯಬೇಡಿ. ಈಗ ತಾನೇ ಆದ ಒಂದು ಬಿಲ್‌ನ ನಂಬರ್ ಹಿಡಿದು, ಸಮಯದ ಫಿಲ್ಟರ್ ಇಲ್ಲದೆ ಅದರ __ಟೈಮ್ ತೆಗೆಯಿರಿ. ಆ ಸಮಯ ಯುಟಿಸಿ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದಿದ್ದರೆ ದೋಷ ಸಿಕ್ಕಿತು. ಒಂದೇ ಒಂದು ಗೊತ್ತಿರುವ ಸಾಲನ್ನು ಹೀಗೆ ಕೊನೆಯವರೆಗೆ ಹಿಂಬಾಲಿಸುವುದು ನನಗೆ ತಿಳಿದಿರುವ ಅತಿ ಒಳ್ಳೆಯ ಪರೀಕ್ಷೆ. ಸಾವಿರ ಸಾಲಿನ ಚಾರ್ಟ್ ನೋಡಿದರೆ ಅದು ತಿಳಿಯುವುದಿಲ್ಲ.

ತುರ್ತಿಗೆ, ಕ್ವೆರಿಯಲ್ಲಿ 'ಟೈಮ್ ಶಿಫ್ಟ್' ಫಂಕ್ಷನ್‌ನಿಂದ ಅರ್ಧ ಗಂಟೆಯ ಹೆಜ್ಜೆಯಲ್ಲಿ ಹನ್ನೊಂದು ಹೆಜ್ಜೆ ಹಿಂದಕ್ಕೆ ಸರಿಸಬಹುದು. ಅದು ಬರೀ ಪಟ್ಟಿ ಕಟ್ಟುವ ಕೆಲಸ. ಸರಿಯಾದ ಔಷಧ ಇಂಜೆಷನ್‌ನಲ್ಲೇ ಇದೆ. ಎಸ್‌ಕ್ಯುಎಲ್‌ನಿಂದ ಇಂಜೆಸ್ಟ್ ಮಾಡುವವರು 'ಟೈಮ್ ಪಾರ್ಸ್' ಫಂಕ್ಷನ್‌ಗೆ ಫಾರ್ಮ್ಯಾಟ್ ಜೊತೆ ಏಷ್ಯಾ/ಕೋಲ್ಕತಾ ಎಂದು ಹೇಳಬೇಕು. ನೇಟಿವ್ ಸ್ಪೆಕ್ ಬಳಸುವವರಿಗೆ ಟ್ರಾನ್ಸ್‌ಫಾರ್ಮ್ ಸ್ಪೆಕ್‌ನಲ್ಲಿ 'ಟೈಮ್‌ಸ್ಟಾಂಪ್ ಪಾರ್ಸ್' ಇದೆ. ಇನ್ನೂ ಒಳ್ಳೆಯದು, ಬಿಲ್ಲಿಂಗ್ ಮೆಷಿನ್ನೇ ಟೈಮ್‌ಝೋನ್ ಸೇರಿಸಿ ಬರೆಯುವಂತೆ ಮಾಡಿಸುವುದು. ಅದಕ್ಕಾಗಿ ಸ್ವಲ್ಪ ಹಠ ಹಿಡಿದರೂ ತಪ್ಪಿಲ್ಲ.

ರೋಲಪ್: ಡೇಟಾ ಇದೆ, ಗಂಟೆ ಇಲ್ಲ

ನನ್ನ ಪ್ರಕಾರ ಜನ ಅತಿ ಕಡಿಮೆ ಅನುಮಾನಿಸುವ ಕಾರಣ ಇದು. ಡ್ರೂಯಿಡ್‌ನಲ್ಲಿ ರೋಲಪ್ ಆನ್ ಇದ್ದರೆ, ಡೇಟಾ ಒಳಗೆ ಬರುವಾಗಲೇ ಸಮಯವನ್ನು 'ಕ್ವೆರಿ ಗ್ರ್ಯಾನ್ಯುಲಾರಿಟಿ' ಎಂಬ ಅಳತೆಗೆ (ನಿಮಿಷ, ಗಂಟೆ, ದಿನ ಹೀಗೆ) ಕತ್ತರಿಸಿ, ಒಂದೇ ತರಹದ ಸಾಲುಗಳನ್ನು ಕೂಡಿಸಿಬಿಡುತ್ತದೆ. ಅದು 'ಡೇ' ಎಂದಿದ್ದರೆ ಇಡೀ ದಿನದ ಬಿಲ್‌ಗಳೆಲ್ಲ ಆ ದಿನದ ಯುಟಿಸಿ 00:00ರ ಹೆಸರಲ್ಲಿ ಕೂರುತ್ತವೆ. ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ದಿನಕ್ಕೊಂದೇ ಮೊತ್ತ ಬರೆದಿಟ್ಟ ಹಾಗೆ. ಹತ್ತರಿಂದ ಹನ್ನೊಂದು ಗಂಟೆಯೊಳಗೆ ಎಷ್ಟಾಯಿತು ಎಂದು ಆ ಪುಸ್ತಕ ಹೇಳಲಾರದು.

ಯುಟಿಸಿ 00:00 ಎಂದರೆ ನಮ್ಮ ಬೆಳಗಿನ ಐದೂವರೆ. ಬೆಳಿಗ್ಗೆ 9ರಿಂದ ಸಂಜೆ 6 ಎಂದು, ಟೈಮ್‌ಝೋನ್ ಎಲ್ಲ ಸರಿಯಾಗಿ ಕೊಟ್ಟು ಕೇಳಿದರೂ ಆ ನಡುವೆ ಒಂದು ಸಾಲೂ ಇಲ್ಲ. ಉತ್ತರ ಖಾಲಿ. ಇಡೀ ದಿನ ಕೇಳಿದರೆ ಮಾತ್ರ ಅಂಕಿ ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆ ಸಮಾಧಾನವೂ ಪೂರ್ತಿ ಸರಿಯಲ್ಲ. ಅದು ಭಾರತದ ಮಾರ್ಚ್ 15 ಅಲ್ಲವೇ ಅಲ್ಲ. 15ರ ಬೆಳಗಿನ ಐದೂವರೆಯಿಂದ 16ರ ಬೆಳಗಿನ ಐದೂವರೆಯವರೆಗಿನ ಮೊತ್ತ. ರಾತ್ರಿ ಮುಚ್ಚುವ ಅಂಗಡಿಗೆ ಎರಡೂ ಒಂದೇ ಇರಬಹುದು. ರಾತ್ರಿಯಿಡೀ ಆರ್ಡರ್ ಬರುವ ಆನ್‌ಲೈನ್ ವ್ಯಾಪಾರಕ್ಕೆ ಖಂಡಿತ ಒಂದೇ ಅಲ್ಲ.

'ಅವರ್' ಎಂದು ಇಟ್ಟರೆ ಸರಿಹೋಯಿತಾ? ಭಾರತಕ್ಕೆ ಸರಿಹೋಗುವುದಿಲ್ಲ. ನಮ್ಮ ಮಧ್ಯರಾತ್ರಿ ಯುಟಿಸಿ 18:30. ಅದು 18ರ ಗಂಟೆಯ ಗುಂಪಿನ ನಟ್ಟನಡುವೆ ಬೀಳುತ್ತದೆ. 18:30ರಿಂದ ಶುರು ಎಂದು ಕೇಳಿದರೆ 18:00ರ ಹೆಸರಿನ ಗುಂಪು ಪೂರ್ತಿ ಹೊರಗುಳಿಯುತ್ತದೆ, ಕೊನೆಯಲ್ಲಿ ಮಾರನೇ ದಿನದ ಅರ್ಧ ಗಂಟೆ ಒಳಗೆ ಬರುತ್ತದೆ. 10:30ರಿಂದ 11:00 ತರಹದ ಅರ್ಧ ಗಂಟೆಯ ಪ್ರಶ್ನೆಗೆ ಉತ್ತರ ಒಮ್ಮೆ ಖಾಲಿ, ಒಮ್ಮೆ ಇಡೀ ಗಂಟೆಯ ಮೊತ್ತ. ಲಂಡನ್ನಿಗೋ ಸಿಂಗಪುರಕ್ಕೋ ಬರೆದ ಸ್ಪೆಕ್ ಅನ್ನು ಹಾಗೇ ತಂದು ಹಾಕಿದಾಗ ಇದು ಆಗುತ್ತದೆ, ಏಕೆಂದರೆ ಅಲ್ಲಿನ ಗಡಿಯಾರಗಳು ಯುಟಿಸಿಗಿಂತ ಪೂರ್ಣ ಗಂಟೆಗಳಷ್ಟೇ ಆಚೀಚೆ. ನಮಗೆ 'ಥರ್ಟಿ ಮಿನಿಟ್' ಅಥವಾ ಅದಕ್ಕಿಂತ ಸಣ್ಣದು ಬೇಕು. ನೇಪಾಳದ ಡೇಟಾ ಕೂಡ ಇದ್ದರೆ ಅವರ ಗಡಿಯಾರ ಐದೂಮುಕ್ಕಾಲು ಗಂಟೆ ಮುಂದೆ, ಹಾಗಾಗಿ 'ಫಿಫ್ಟೀನ್ ಮಿನಿಟ್'. ದಿನಕ್ಕೊಂದೇ ಮೊತ್ತ ಸಾಕು ಅನ್ನುವವರು ಪೀರಿಯಡ್ ಗ್ರ್ಯಾನ್ಯುಲಾರಿಟಿ ಬಳಸಿ ಅದಕ್ಕೆ ಏಷ್ಯಾ/ಕೋಲ್ಕತಾ ಕೊಡಬಹುದು. ಆಗ ದಿನ ನಮ್ಮ ಮಧ್ಯರಾತ್ರಿಗೇ ಕತ್ತರಿಸುತ್ತದೆ.

ಪತ್ತೆ ಮಾಡುವುದು ಸುಲಭ. __ಟೈಮ್‌ನ ಬೇರೆ ಬೇರೆ ಸಮಯಗಳನ್ನು ಒಂದಿಪ್ಪತ್ತು ತೆಗೆದು ನೋಡಿ. ಎಲ್ಲ 00:00:00ರಲ್ಲೇ ಮುಗಿದರೆ ದಿನದ ರೋಲಪ್. ನಿಮಿಷದ ಜಾಗದಲ್ಲಿ ಯಾವಾಗಲೂ ಸೊನ್ನೆ ಇದ್ದರೆ ಗಂಟೆಯದು. ಸರಿಪಡಿಸುವುದು ಮಾತ್ರ ಸುಲಭವಲ್ಲ. ಕೂಡಿಸಿ ಇಟ್ಟ ಮೇಲೆ ಒಳಗಿನ ಗಂಟೆಗಳು ಹೋದಂತೆಯೇ. ಮೂಲ ಫೈಲ್‌ಗಳಿಂದ ಮತ್ತೆ ಇಂಜೆಸ್ಟ್ ಮಾಡಬೇಕು. ಮೂಲವನ್ನು ಅಳಿಸಿದ್ದರೆ ದಾರಿ ಇಲ್ಲ. ಆದ್ದರಿಂದ ಡಿಸ್ಕ್ ಉಳಿಸಲು ಗ್ರ್ಯಾನ್ಯುಲಾರಿಟಿ ದೊಡ್ಡದು ಮಾಡುವ ಮುಂಚೆ, ಆ ಕ್ಯೂಬ್‌ನಿಂದ ಯಾರು ಎಂಥ ಪ್ರಶ್ನೆ ಕೇಳುತ್ತಾರೆ ಎಂದು ಅವರ ಹತ್ತಿರ ಕೂತು ವಿಚಾರಿಸಿ.

ಅವಧಿಯ ಎರಡು ತುದಿಗಳು

ಇದು ಚಿಕ್ಕ ವಿಷಯ, ಬೇಗ ಮುಗಿಸುತ್ತೇನೆ. ಡ್ರೂಯಿಡ್‌ನ ಅವಧಿಯಲ್ಲಿ ಶುರುವಿನ ಕ್ಷಣ ಒಳಗೆ, ಕೊನೆಯ ಕ್ಷಣ ಹೊರಗೆ. ಎರಡೂ ಕಡೆ 2024-03-15 ಎಂದೇ ಹಾಕಿದರೆ ಅದರ ಉದ್ದ ಸೊನ್ನೆ. ಒಂದು ದಿನ ಬೇಕಾದರೆ 15ರಿಂದ 16. ಕ್ಯಾಲೆಂಡರ್‌ನಲ್ಲಿ ಒಂದೇ ದಿನವನ್ನು ಎರಡು ಸಲ ಒತ್ತುವವರು ಜಾಸ್ತಿ, ಹಾಗಾಗಿ ಪರದೆಯ ಕೋಡ್ ಬರೆಯುವವರೇ ಕೊನೆಯ ದಿನಕ್ಕೆ ಒಂದು ಸೇರಿಸಿ ಕಳಿಸುವುದು ಒಳ್ಳೆಯದು. ಶುರು ಮತ್ತು ಕೊನೆ ಅದಲುಬದಲಾಗಿದ್ದರೆ ನೇಟಿವ್ ಕ್ವೆರಿ ಎರರ್ ಕೊಡುತ್ತದೆ. ಎಸ್‌ಕ್ಯುಎಲ್‌ನ ಬಿಟ್ವೀನ್ ಮಾತ್ರ ಏನೂ ಹೇಳದೆ ಖಾಲಿ ಕೊಡುತ್ತದೆ.

ಕೆಲವರು __ಟೈಮ್ ಬಿಟ್ಟು, ಬರಹವಾಗಿ ಇಟ್ಟ ಇನ್ನೊಂದು ದಿನಾಂಕದ ಕಾಲಂ ಮೇಲೆ ಫಿಲ್ಟರ್ ಹಾಕುತ್ತಾರೆ. '28-02-2024'ರಿಂದ '05-03-2024' ಎಂದು ಬಿಟ್ವೀನ್ ಕೊಟ್ಟರೆ ಯಾವಾಗಲೂ ಖಾಲಿ. ಅಕ್ಷರದ ಲೆಕ್ಕದಲ್ಲಿ 28 ದೊಡ್ಡದು, 05 ಚಿಕ್ಕದು. '01-03-2024'ರಿಂದ '31-03-2024' ಎಂದರೆ ಎಲ್ಲ ತಿಂಗಳ, ಎಲ್ಲ ವರ್ಷದ ಬಹುತೇಕ ಡೇಟಾ ಬರುತ್ತದೆ, ಅದು ಇನ್ನೂ ಅಪಾಯ. ದಿನಾಂಕವನ್ನು ಬರಹವಾಗಿ ಇಡಲೇಬೇಕಾದರೆ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ.

ಸೆಗ್ಮೆಂಟ್‌ಗಳು ಕೆಲಸಕ್ಕೆ ಬಂದಿವೆಯೇ?

ಸಮಯ ಸರಿ, ರೋಲಪ್ ಸರಿ, ತುದಿಗಳೂ ಸರಿ. ಈಗ ಡೇಟಾ ನಿಜವಾಗಿ ಎಲ್ಲಿದೆ ಎಂದು ನೋಡಬೇಕು. ಡ್ರೂಯಿಡ್ ಡೇಟಾವನ್ನು ಸಮಯದ ತುಂಡುಗಳಾಗಿ, ಸೆಗ್ಮೆಂಟ್‌ಗಳಾಗಿ ಇಡುತ್ತದೆ. ಅವು ಡೀಪ್ ಸ್ಟೋರೇಜ್ ಎಂಬ ಶಾಶ್ವತ ಉಗ್ರಾಣದಲ್ಲಿ ಇದ್ದರೆ ಸಾಲದು, ಹಿಸ್ಟಾರಿಕಲ್ ಎಂಬ ಸರ್ವರ್‌ಗಳು ಅವನ್ನು ತಂದಿಟ್ಟುಕೊಂಡಿರಬೇಕು. ಯಾವುದೋ ಸೆಗ್ಮೆಂಟ್ ಯಾವ ಸರ್ವರ್‌ನಲ್ಲೂ ಇಲ್ಲದಿದ್ದರೆ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕ್ವೆರಿ ಎರರ್ ಕೊಡುವುದಿಲ್ಲ. ಇರುವುದನ್ನಷ್ಟೇ ಓದಿ ಉತ್ತರಿಸುತ್ತದೆ. ಇಡೀ ಸಿಸ್ಟಮ್‌ನಲ್ಲಿ ನಾನು ಅತಿ ಎಚ್ಚರದಿಂದ ನೋಡುವ ನಡವಳಿಕೆ ಇದೇ.

'ಸಿಸ್ ಡಾಟ್ ಸೆಗ್ಮೆಂಟ್ಸ್' ಎಂಬ ಟೇಬಲ್ ಇದೆ. ಬಿಲ್ಲಿಂಗ್ ಡೇಟಾಸೋರ್ಸ್‌ನ ಸೆಗ್ಮೆಂಟ್‌ಗಳಲ್ಲಿ ಮಾರ್ಚ್ 14 ಮತ್ತು 15ರವು ಯಾವುವು ಎಂದು ಅದರಲ್ಲಿ ತೆಗೆಯಿರಿ. ಸ್ಟಾರ್ಟ್, ಎಂಡ್ ಎಂಬ ಕಾಲಂಗಳೂ ಯುಟಿಸಿಯವೇ, ಹಾಗಾಗಿ ಎರಡೂ ದಿನ ನೋಡಬೇಕು. 'ಈಸ್ ಪಬ್ಲಿಶ್ಡ್' 1 ಇದ್ದು 'ಈಸ್ ಅವೈಲಬಲ್' 0 ಇದ್ದರೆ ಡೇಟಾ ಇದೆ, ಯಾರೂ ಹೊತ್ತುಕೊಂಡಿಲ್ಲ. ಹಿಸ್ಟಾರಿಕಲ್ ಸರ್ವರ್ ಬಿದ್ದಿರಬಹುದು, ಅದರ ಡಿಸ್ಕ್ ತುಂಬಿರಬಹುದು. ಇಂಜೆಷನ್ ಈಗ ತಾನೇ ಮುಗಿದಿದ್ದರೆ ಸ್ವಲ್ಪ ಕಾಯಿರಿ. ಇಂಜೆಷನ್ ಟಾಸ್ಕ್ 'ಸಕ್ಸೆಸ್' ಎಂದ ಮೇಲೂ ಕೋಆರ್ಡಿನೇಟರ್ ಎಂಬ ಮೇಲ್ವಿಚಾರಕ ಸರ್ವರ್ ಸೆಗ್ಮೆಂಟ್ ಹಂಚಬೇಕು, ಹಿಸ್ಟಾರಿಕಲ್ ಅದನ್ನು ತರಬೇಕು. ಬ್ಯಾಚ್ ಮುಗಿದ ಕೂಡಲೇ ವರದಿ ತೆಗೆಯುವ ಸ್ಕ್ರಿಪ್ಟ್‌ಗಳು ಎಡವುವುದು ಇಲ್ಲಿ.

ಸೆಗ್ಮೆಂಟ್ ಪಟ್ಟಿಯಲ್ಲೇ ಇಲ್ಲದಿದ್ದರೆ ಡೇಟಾ ಎಷ್ಟು ದಿನ ಇಡಬೇಕು ಎಂಬ ರಿಟೆನ್ಷನ್ ನಿಯಮ ನೋಡಿ. 'ಕಳೆದ ಒಂದು ತಿಂಗಳು ಲೋಡ್, ಉಳಿದದ್ದು ಡ್ರಾಪ್' ಎಂದಿದ್ದರೆ ಏಪ್ರಿಲ್ ಕೊನೆಯಲ್ಲಿ ಮಾರ್ಚ್ 15 ಕೇಳಿದವರಿಗೆ ಖಾಲಿ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ್ದನ್ನು ಡ್ರೂಯಿಡ್ ಪಾಲಿಸುತ್ತದೆ. ಡ್ರಾಪ್ ಆದದ್ದು ಡೀಪ್ ಸ್ಟೋರೇಜ್‌ನಲ್ಲಿ ಉಳಿದಿರುತ್ತದೆ. ಅದನ್ನು ಶಾಶ್ವತವಾಗಿ ಅಳಿಸುವ ಕಿಲ್ ಟಾಸ್ಕ್ ಓಡದಿದ್ದರೆ ನಿಯಮ ಬದಲಿಸಿ ಅವನ್ನು ಮತ್ತೆ 'ಯೂಸ್ಡ್' ಮಾಡಿ ವಾಪಸ್ ತರಬಹುದು. ಹಾಗಾಗಿ ಖಾಲಿ ಕಂಡ ತಕ್ಷಣ ಗಾಬರಿ ಬೇಡ, ಆದರೆ ಕಿಲ್ ಟಾಸ್ಕ್ ಯಾವಾಗ ಓಡುತ್ತದೆ ಎಂದು ಮೊದಲು ವಿಚಾರಿಸಿ.

ಮೊನ್ನೆವರೆಗೆ ಇತ್ತು, ಈಗ ಇಲ್ಲ ಅನ್ನುವವರು ಅದೇ ಟೇಬಲ್‌ನ 'ಈಸ್ ಓವರ್‌ಶ್ಯಾಡೋಡ್' ಕಾಲಂ ಗಮನಿಸಿ. ಸೆಗ್ಮೆಂಟ್ ಗ್ರ್ಯಾನ್ಯುಲಾರಿಟಿ 'ಡೇ' ಇದೆ, ಅಂದರೆ ತುಂಡುಗಳು ಒಂದು ದಿನದ ಅಳತೆಯವು ಎಂದುಕೊಳ್ಳಿ. ಮಧ್ಯಾಹ್ನದ ಒಂದು ಗಂಟೆಯ ಡೇಟಾ ತಪ್ಪಾಗಿತ್ತು ಎಂದು ಯಾರೋ ಆ ಗಂಟೆಯ ಫೈಲ್ ಮಾತ್ರ ಮತ್ತೆ ಇಂಜೆಸ್ಟ್ ಮಾಡಿದರು. 'ಅಪೆಂಡ್' ಆನ್ ಇರಲಿಲ್ಲ. ಹೊಸ ಸೆಗ್ಮೆಂಟ್ ಇಡೀ ದಿನದ ಹಳೆಯದನ್ನು ಮುಚ್ಚಿಹಾಕುತ್ತದೆ. ಆ ದಿನ ಒಂದು ಗಂಟೆ ತುಂಬಿದ್ದು ಉಳಿದ ಇಪ್ಪತ್ತಮೂರು ಖಾಲಿ ಇದ್ದರೆ ಇದೇ ಕಾರಣ. ಇಡೀ ದಿನದ ಮೂಲವನ್ನು ಮತ್ತೆ ಕೊಟ್ಟು ಇಂಜೆಸ್ಟ್ ಮಾಡುವುದೇ ಪರಿಹಾರ.

ಬಾಗಿಲಲ್ಲೇ ತಿರಸ್ಕಾರವಾದ ಸಾಲುಗಳು

ಟಾಸ್ಕ್ ರಿಪೋರ್ಟ್ ತೆರೆದು 'ಪ್ರೊಸೆಸ್ಡ್' ಪಕ್ಕದ 'ಥ್ರೋನ್ ಅವೇ' ಮತ್ತು 'ಅನ್‌ಪಾರ್ಸೆಬಲ್' ಅಂಕಿಗಳನ್ನು ನೋಡಿ. ಬ್ಯಾಚ್‌ನಲ್ಲಿ (ಫೈಲ್‌ಗಳನ್ನು ಒಟ್ಟಿಗೆ ತರುವಾಗ) ಸ್ಪೆಕ್‌ನ ಇಂಟರ್ವಲ್ಸ್, ಅಂದರೆ ಹೇಳಿದ ಅವಧಿ, ಅದರ ಆಚೆ ಬಿದ್ದ ಸಾಲುಗಳು ಥ್ರೋನ್ ಅವೇ. ಅಲ್ಲೂ ಅವಧಿ ಯುಟಿಸಿಯದ್ದೇ, ಹಾಗಾಗಿ ನಮ್ಮ ದಿನದ ಮೊದಲ ಐದೂವರೆ ಗಂಟೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಾಫ್ಕಾ ಎಂಬ ಸಂದೇಶ ವ್ಯವಸ್ಥೆಯಿಂದ ಆಗಿಂದಾಗ್ಗೆ ಬರುವ ಡೇಟಾಕ್ಕೆ 'ಲೇಟ್ ಮೆಸೇಜ್ ರಿಜೆಕ್ಷನ್ ಪೀರಿಯಡ್' ಹಾಕಿದ್ದರೆ, ಇಂಟರ್ನೆಟ್ ಹೋಗಿ ತಡವಾಗಿ ಬಂದ ಅಂಗಡಿಯ ಬಿಲ್‌ಗಳು ಹೊರಗೇ ಉಳಿಯುತ್ತವೆ. 'ಅರ್ಲಿ' ಎಂಬ ಜೋಡಿ ಸೆಟ್ಟಿಂಗ್ ಇದ್ದರೆ, ಭಾರತದ ಸಮಯವನ್ನು ಯುಟಿಸಿ ಎಂದು ಓದಿ ಐದೂವರೆ ಗಂಟೆ ಮುಂದಕ್ಕೆ ಹೋದ ಸಾಲುಗಳನ್ನು ಅದು ತಳ್ಳಿಬಿಡಬಹುದು. ಆಗ ಒಂದು ದೋಷವನ್ನು ಇನ್ನೊಂದು ಮುಚ್ಚಿಡುತ್ತದೆ.

ಪರದೆ ಕೇಳಿದ್ದೇನು?

ಡ್ರೂಯಿಡ್ ಕನ್ಸೋಲ್‌ನಲ್ಲಿ ಉತ್ತರ ಬರುತ್ತಿದೆ, ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲ ಅಂದರೆ ದೋಷ ಮೇಲಿನ ಪದರದ್ದು. ಡ್ಯಾಶ್‌ಬೋರ್ಡ್ ನಿಜವಾಗಿ ಕಳಿಸಿದ ಕ್ವೆರಿ ಹೊರತೆಗೆದು ಓದಿ. ಅದನ್ನು ಊಹಿಸಬೇಡಿ.

ಟರ್ನಿಲೋದಲ್ಲಿ 'ಲೇಟೆಸ್ಟ್' ಅವಧಿಗಳ ಕೊನೆ ಎಂದರೆ ಕ್ಯೂಬ್‌ನ ಕೊನೆಯ ಟೈಮ್‌ಸ್ಟಾಂಪ್, ಈಗಿನ ಹೊತ್ತಲ್ಲ. ಗಡಿಯಾರ ಕೆಟ್ಟ ಒಂದೇ ಒಂದು ಬಿಲ್ಲಿಂಗ್ ಮೆಷಿನ್ ಹತ್ತು ವರ್ಷ ಮುಂದಿನ ದಿನಾಂಕದ ಸಾಲು ಕಳಿಸಿತು ಅನ್ನಿ. 'ಲೇಟೆಸ್ಟ್ ಒಂದು ದಿನ' ಆ ಭವಿಷ್ಯಕ್ಕೆ ಹೋಗಿ ನಿಲ್ಲುತ್ತದೆ. ಎಲ್ಲ ಅಂಗಡಿಗಳ ಚಾರ್ಟ್ ಬೋಳು. ಮ್ಯಾಕ್ಸ್(__ಟೈಮ್) ಮೊದಲೇ ನೋಡಿ ಎಂದದ್ದು ಇದಕ್ಕೂ ಸೇರಿಸಿಯೇ. ಕ್ಯೂಬ್‌ನ ಕಾನ್ಫಿಗ್‌ನಲ್ಲಿ 'ರಿಫ್ರೆಶ್ ರೂಲ್' ಫಿಕ್ಸೆಡ್ ಎಂದಿದ್ದರೆ ಕೊನೆಯ ಹೊತ್ತು ಮುಂದೆ ಸರಿಯುವುದೇ ಇಲ್ಲ. ಟೈಮ್‌ಝೋನ್ ಬೇರೆ ಹೇಳದಿದ್ದರೆ ಅಲ್ಲೂ ಯುಟಿಸಿಯೇ.

ಉಳಿದ ಫಿಲ್ಟರ್‌ಗಳನ್ನು ಒಂದೊಂದೇ ತೆಗೆದು ನೋಡುವುದನ್ನು ಮರೆಯಬೇಡಿ. ಸಮಯದ ಮೇಲೆ ಅನುಮಾನ ಇರುವಾಗ ಊರಿನ ಫಿಲ್ಟರ್ ಕಣ್ಣಿಗೇ ಬೀಳುವುದಿಲ್ಲ. ಕರ್ನಾಟಕದ ಹಳೆಯ ಡೇಟಾ ಇಟ್ಟುಕೊಂಡವರಿಗೆ ಇದು ನಿಜವಾಗಿ ಆಗುವಂಥದ್ದು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಮುಂಚಿನ ಸಾಲುಗಳಲ್ಲಿ ಬ್ಯಾಂಗಲೋರ್, ಆಮೇಲಿನವುಗಳಲ್ಲಿ ಬೆಂಗಳೂರು ಎಂದಿದ್ದರೆ, ಹೊಸ ಹೆಸರು ಹಾಕಿ 2013 ಕೇಳಿದಾಗ ಖಾಲಿ ಬರುತ್ತದೆ. ನೋಡಿದವರಿಗೆ ಅದು ದಿನಾಂಕದ ದೋಷ ಎಂದೇ ಅನ್ನಿಸುತ್ತದೆ, ಅಲ್ವಾ?

ಕ್ಯಾಶ್‌ನ (ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಜಾಗದ) ಅನುಮಾನ ಇದ್ದರೆ ಕಾಂಟೆಕ್ಸ್ಟ್‌ನಲ್ಲಿ 'ಯೂಸ್ ಕ್ಯಾಶ್' ಫಾಲ್ಸ್ ಮಾಡಿ ಓಡಿಸಿ. ಡ್ಯಾಶ್‌ಬೋರ್ಡ್‌ಗೂ ತನ್ನದೇ ಕ್ಯಾಶ್ ಇರಬಹುದು, ಅದನ್ನೂ ಒಮ್ಮೆ ರಿಫ್ರೆಶ್ ಮಾಡಿ.

ಇನ್ನೊಬ್ಬರ ಸಹಾಯ ಕೇಳುವಾಗ

ಇಷ್ಟಾದರೂ ಸಿಗದಿದ್ದರೆ ಪ್ಲಾಟ್‌ಫಾರ್ಮ್ ತಂಡದ ಹತ್ತಿರ ಹೋಗಲೇಬೇಕು. "ಮಾರ್ಚ್ 15 ಖಾಲಿ ಬರ್ತಿದೆ" ಎಂದಷ್ಟೇ ಕಳಿಸಿದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕಾಂಟೆಕ್ಸ್ಟ್ ಸಮೇತ ಪೂರ್ತಿ ಕ್ವೆರಿ, ಮಿನ್ ಮತ್ತು ಮ್ಯಾಕ್ಸ್, ಆ ಎರಡು ದಿನಗಳ ಸೆಗ್ಮೆಂಟ್ ಸಾಲುಗಳು, ಗ್ರ್ಯಾನ್ಯುಲಾರಿಟಿ ಇರುವ ಇಂಜೆಷನ್ ಸ್ಪೆಕ್ ಮತ್ತು ಟಾಸ್ಕ್ ರಿಪೋರ್ಟ್ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಖಂಡಿತ ಆಗಿದೆ ಎಂದು ಗೊತ್ತಿರುವ ಒಂದು ಬಿಲ್‌ನ ನಂಬರ್ ಮತ್ತು ಅದರ ಕಾಗದದ ಮೇಲೆ ಅಚ್ಚಾದ ಸಮಯ ಕೊಡಿ. ನೀವು ಬರೆಯುವ ಪ್ರತಿ ಸಮಯದ ಪಕ್ಕದಲ್ಲೂ ಅದು ಯುಟಿಸಿಯೋ ಭಾರತದ ಸಮಯವೋ ಎಂದು ನಮೂದಿಸಿ.